ಈಗಿನ ಚಿಲ್ಲರೆ ಹುಡುಕಲು ಚಿಕ್ಕ ಕಾಯಿಲ್ಲೇ ಸಾಕು: ತುಮಕೂರಿನ ಕೆಂಪು ಮಣ್ಣಲ್ಲಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲವಾಗಲಿ. ನೀವು ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವುದು ಈಗಿನ ಒಂದು, ಎರಡು, ಐದು, ಹತ್ತು ರೂಪಾಯಿ ನಾಣ್ಯ, ಹುಡುಕುವ ಜಾಗ ನಮ್ಮ ತುಮಕೂರು ಕಡೆಯ ಕೆಂಪು ಮಣ್ಣು ಅಂತಾದರೆ ಒಂಬತ್ತೂವರೆ ಇಂಚು ಉದ್ದ, ಐದು ಇಂಚು ಅಗಲದ ಚಿಕ್ಕ ಡಿಡಿ ಕಾಯಿಲ್ (ಡಿ ಆಕಾರದ ಎರಡು ಸುರುಳಿ ಇರುವುದು) ತಗೊಳ್ಳಿ. ದೊಡ್ಡ ಕಾಯಿಲ್ ಆಸೆ ಬಿಡಿ. ಮಿಷನ್ ಜೊತೆಗೇ ಬರುವ 11 ಇಂಚಿನ ದುಂಡು ಕಾಯಿಲ್ ಏನೂ ಕೆಟ್ಟದ್ದಲ್ಲ, ಅದನ್ನು ಎಲ್ಲಿ ಹಾಕಬೇಕು ಅಂತ ಮುಂದೆ ಬರುತ್ತದೆ.

ಹೊಸಬರಿಗೆ ಎರಡು ಮಾತು. ಡಿಟೆಕ್ಟರಿನ ಕೋಲಿನ ತುದಿಯಲ್ಲಿ ಚಪ್ಪಟೆಯಾಗಿ ಇರುತ್ತದಲ್ಲ, ನೆಲದ ಮೇಲೆ ಆಡಿಸುವುದು, ಅದೇ ಕಾಯಿಲ್. ಒಳಗೆ ತಾಮ್ರದ ತಂತಿಯ ಎರಡು ಸುರುಳಿ. ಒಂದು ಸುರುಳಿ ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತದೆ, ಅದು ಲೋಹಕ್ಕೆ ತಾಗಿದರೆ ಲೋಹದಲ್ಲಿ ಸಣ್ಣ ಕರೆಂಟು ಹುಟ್ಟಿ ಅದರದ್ದೇ ಒಂದು ಕಾಂತಕ್ಷೇತ್ರ ಏಳುತ್ತದೆ, ಅದನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಉಳಿದದ್ದೆಲ್ಲ ಡಬ್ಬಿಯೊಳಗಿನ ಲೆಕ್ಕಾಚಾರ. ಈ ಎರಡು ಸುರುಳಿ ಯಾವ ಆಕಾರದಲ್ಲಿವೆ, ಎಷ್ಟು ದೊಡ್ಡದಾಗಿವೆ ಅನ್ನುವುದರ ಮೇಲೆ ನಿಮಗೆ ಏನು ಕೇಳಿಸುತ್ತದೆ ಅನ್ನುವುದು ನಿಂತಿದೆ. ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ಮಿಷನ್ ಬದಲಾಯಿಸುವ ಮೊದಲು ಕಾಯಿಲ್ ಬದಲಾಯಿಸಿ ನೋಡಿ ಅಂತ ನಾನು ಹೇಳುವುದು ಅದಕ್ಕೇ.

ನನ್ನದು ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್. ಟರ್ಕಿಯ ಕಂಪನಿ, 12 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ, ತೂಕ 1.3 ಕಿಲೋ, ನೀರಲ್ಲಿ ಮುಳುಗಿದರೂ ತೊಂದರೆ ಇಲ್ಲ. ಜೊತೆಗೆ ಬಂದದ್ದು 11 ಇಂಚಿನ ದುಂಡು ಡಿಡಿ. ಆಮೇಲೆ ಬೇರೆಯಾಗಿ ತರಿಸಿದ್ದು ಎಸ್‌ಪಿ 24, ಅಂದರೆ 24 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದ ಮೊಟ್ಟೆಯಾಕಾರದ ಡಿಡಿ. ಮೇಲೆ ಹೇಳಿದ ಒಂಬತ್ತೂವರೆ ಐದು ಅದೇ. ಇದಲ್ಲದೆ ಬೆಂಗಳೂರಿನ ಗೆಳೆಯನೊಬ್ಬ ತನ್ನ ಮಿಷನ್‌ಗೆ 15 ಇಂಚಿನ ದೊಡ್ಡ ಕಾಯಿಲ್ ಹಾಕಿಕೊಂಡು ಬರುತ್ತಾನೆ, ಇನ್ನೊಬ್ಬರ ಹತ್ತಿರ ಹಳೆಯ ಕಾನ್ಸೆಂಟ್ರಿಕ್, ಅಂದರೆ ಒಂದರೊಳಗೊಂದು ಸುರುಳಿ ಇರುವ ಕಾಯಿಲ್‌ನ ಮಿಷನ್ ಇದೆ. ಎಲ್ಲರೂ ಒಂದೇ ನೆಲದ ಮೇಲೆ ಓಡಾಡಿದ್ದೇವೆ, ಹಾಗಾಗಿ ಹೋಲಿಸಿ ಹೇಳುವ ಧೈರ್ಯ ಇದೆ.

ಮೊದಲು ನಾಣ್ಯದ ವಿಷಯ. ಕಾಯಿಲ್ ಆರಿಸುವವರು ಇದನ್ನೇ ಮರೆಯುತ್ತಾರೆ.

ವಿಡಿಯೋ ನೋಡಿ ಕಲಿಯುತ್ತೇವೆ, ಅಲ್ವಾ? ಅವುಗಳಲ್ಲಿ ಮುಕ್ಕಾಲು ಪಾಲು ಅಮೆರಿಕದವು. ಅವರ ಕ್ವಾರ್ಟರ್, ಡೈಮ್ ನಾಣ್ಯಗಳ ಒಳಗೆ ತಾಮ್ರ ಇದೆ, ಡಿಟೆಕ್ಟರ್‌ಗೆ ಅದು ತುಂಬ ಇಷ್ಟ, ಯಾವ ಲೋಹ ಅಂತ ಪರದೆಯಲ್ಲಿ ತೋರಿಸುವ ನಂಬರು ಅಲುಗಾಡದೆ ನಿಲ್ಲುತ್ತದೆ. ಅವರು ‘ಕಬ್ಬಿಣ ಎಲ್ಲ ತೆಗೆದುಹಾಕಿ, ಮೇಲಿನ ನಂಬರು ಬಂದರೆ ಮಾತ್ರ ಅಗೆಯಿರಿ’ ಅಂತ ಹೇಳುವುದು ಅವರಿಗೆ ಸರಿ. ನಮ್ಮ ಒಂದು ರೂಪಾಯಿ, ಎರಡು ರೂಪಾಯಿ ಸ್ಟೇನ್‌ಲೆಸ್ ಸ್ಟೀಲು. 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಒಂದು ರೂಪಾಯಿ ನಾಣ್ಯ 1992ರಿಂದಲೂ ಹೀಗೇ ಇದೆ, ಮಧ್ಯೆ ಚಿತ್ರ ಬದಲಾಗಿದೆ, ಕೈಮುದ್ರೆ ಬಂತು, 2011ರಲ್ಲಿ ರೂಪಾಯಿ ಚಿಹ್ನೆ ಬಂತು, ಗಾತ್ರ 25 ಮಿಲಿಮೀಟರ್‌ನಿಂದ 22ರ ಹತ್ತಿರಕ್ಕೆ ಇಳಿಯಿತು, ಲೋಹ ಮಾತ್ರ ಅದೇ. ಮನೆಯಲ್ಲಿ ಹಳೇ ಸ್ಪೀಕರಿನ ಮ್ಯಾಗ್ನೆಟ್ ಇದ್ದರೆ ತಾಗಿಸಿ ನೋಡಿ, ಟಕ್ ಅಂತ ಕಚ್ಚಿಕೊಳ್ಳುತ್ತದೆ.

ಇದರ ಅರ್ಥ ಏನು? ಕಬ್ಬಿಣ ಬೇಡ ಅಂತ ನೀವು ಡಿಸ್ಕ್ರಿಮಿನೇಷನ್ ಒತ್ತಿದರೆ ಮೊಳೆಯ ಜೊತೆ ರೂಪಾಯಿಯೂ ಹೋಯಿತು. ಕಾಲ ಕೆಳಗೆ ಚಿಲ್ಲರೆ ಬಿದ್ದಿರುತ್ತದೆ, ಬಹಳ ಸಲ ಮಿಷನ್ ತುಟಿ ಪಿಟಕ್ ಅನ್ನುವುದಿಲ್ಲ. ಡಿಸ್ಕ್ರಿಮಿನೇಷನ್ ತೆಗೆದರೆ ಎಲ್ಲ ಕಬ್ಬಿಣವೂ ಕೂಗುತ್ತದೆ. ಆಗ ಬೇಕಾಗುವುದು ಒಂದು ಸದ್ದನ್ನು ಪಕ್ಕದ ಸದ್ದಿನಿಂದ ಬಿಡಿಸಿ ಹೇಳುವ ಕಾಯಿಲ್. ಆಳ ಹೋಗುವ ಕಾಯಿಲ್ ಅಲ್ಲ. ಈ ಲೇಖನದಲ್ಲಿ ನೆನಪಿಡಬೇಕಾದ್ದು ಇಷ್ಟೇ ಅಂದುಕೊಂಡರೂ ಆಯಿತು.

ಐದು ರೂಪಾಯಿ ಬೇರೆ ಜಾತಿ. ಈಗಿನ ಹಳದಿ ಐದು ರೂಪಾಯಿ ನಿಕ್ಕಲ್ ಬ್ರಾಸ್, ಅದರಲ್ಲಿ ಮುಕ್ಕಾಲು ಪಾಲು ತಾಮ್ರ. ಎಡದಿಂದ ಆಡಿಸಿದರೂ ಬಲದಿಂದ ಆಡಿಸಿದರೂ ಒಂದೇ ಸದ್ದು, ಸ್ಪಷ್ಟವಾಗಿ. ಹಳೆಯ ದಪ್ಪನೆಯ, 9 ಗ್ರಾಂ ತೂಕದ ಬಿಳಿ ಐದು ರೂಪಾಯಿ ಕ್ಯುಪ್ರೋನಿಕ್ಕಲ್, ಅದೂ ಚೆನ್ನಾಗಿ ಕೇಳಿಸುತ್ತದೆ. ಹತ್ತು ರೂಪಾಯಿ ಎರಡು ಲೋಹದ್ದು, ಹೊರಗಿನ ಬಳೆ ಬೇರೆ, ನಡುವಿನ ಬಿಲ್ಲೆ ಬೇರೆ, ಅಗಲ 27 ಮಿಲಿಮೀಟರ್, ದೊಡ್ಡ ಸದ್ದು ಬರುತ್ತದೆ, ಆದರೆ ನಂಬರು ಸ್ವಲ್ಪ ಕುಣಿಯುತ್ತದೆ. 2020ರಲ್ಲಿ ಬಂದ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ ಮಣ್ಣಲ್ಲಿ ಸಿಗುವುದು ಅಪರೂಪ, ಯಾರೂ ಅದನ್ನು ಅಷ್ಟು ಸುಲಭಕ್ಕೆ ಕಳೆದುಕೊಳ್ಳುವುದಿಲ್ಲ ಅನ್ನಿಸುತ್ತದೆ. ಅಲ್ಯೂಮಿನಿಯಂ ಪೈಸೆಗಳೂ ಸಿಗುತ್ತವೆ, ನಾಲ್ಕು ಮೂಲೆಯ ಐದು ಪೈಸೆ, ಅಂಚು ಅಲೆಅಲೆಯಾಗಿರುವ ಹತ್ತು ಪೈಸೆ, ಮೈಯೆಲ್ಲ ಬಿಳಿ ಪುಡಿ ಹಿಡಿದು. ನಾಲ್ಕಾಣೆ ಸ್ಟೀಲು, 2011ರ ಜೂನ್ 30ಕ್ಕೆ ಅದರ ಚಲಾವಣೆ ನಿಂತಿತು. ಎಂಟಾಣೆ ಕಾನೂನಿನ ಪ್ರಕಾರ ಈಗಲೂ ನಡೆಯುತ್ತದೆ, ಅಂಗಡಿಯವರಿಗೆ ಅದನ್ನು ಹೇಳುವ ಧೈರ್ಯ ಇದ್ದರೆ ಹೇಳಿ.

ಈಗ ಮಣ್ಣು. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಮುತ್ತ ಜಾಸ್ತಿ ಕೆಂಪು ಮಣ್ಣೇ. ಆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಒಣಮಣ್ಣಲ್ಲಿ ಮ್ಯಾಗ್ನೆಟ್ ಎಳೆದಾಡಿ ಎತ್ತಿದರೆ ಅದರ ತುದಿಗೆ ಕಪ್ಪು ಪುಡಿ ಮುಳ್ಳುಮುಳ್ಳಾಗಿ ಎದ್ದು ನಿಂತಿರುತ್ತದೆ, ಬೆರಳಲ್ಲಿ ಉಜ್ಜಿದರೂ ಪೂರ್ತಿ ಬಿಡುವುದಿಲ್ಲ. ಆ ಪುಡಿಯೇ ಡಿಟೆಕ್ಟರಿನ ಶತ್ರು. ಚಿಕ್ಕನಾಯಕನಹಳ್ಳಿ ಕಡೆ ಹೋದರಂತೂ ನೆಲದಲ್ಲೇ ಕಬ್ಬಿಣದ ಅದಿರು, ಗಣಿಗಳೇ ಇದ್ದ ಜಾಗ, ಅಲ್ಲಿ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಸದ್ದನ್ನು ಲೆಕ್ಕದಿಂದ ತೆಗೆಯುವ ಹೊಂದಾಣಿಕೆ, ಮಾಡದೆ ಮಿಷನ್ ಆನ್ ಮಾಡಿದರೆ ನೆಲವೇ ನಾಣ್ಯ ಅಂತ ಕೂಗುತ್ತದೆ. ಕೆರೆಯಂಗಳದ ಕಪ್ಪು ಗೋಡುಮಣ್ಣು ಇದಕ್ಕಿಂತ ಸ್ವಲ್ಪ ಸಮಾಧಾನ.

ಕಾನ್ಸೆಂಟ್ರಿಕ್ ಕಾಯಿಲ್ ಇಂಥ ಮಣ್ಣಲ್ಲಿ ಒದ್ದಾಡುತ್ತದೆ. ಅದರಲ್ಲಿ ಒಂದು ಸುರುಳಿಯ ಒಳಗೆ ಇನ್ನೊಂದು ಸುರುಳಿ ಇರುತ್ತದೆ, ಕಾಂತಕ್ಷೇತ್ರ ಮೇಲೆ ಅಗಲ, ಕೆಳಗೆ ಚೂಪಾಗಿ ಇಳಿಯುತ್ತದೆ. ಕಾಯಿಲ್‌ನ ನಟ್ಟನಡುವೆಯೇ ಸದ್ದು ಜೋರು, ಹಾಗಾಗಿ ನಾಣ್ಯ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು, ಸೋಡಾ ಮುಚ್ಚಳವನ್ನು ಗುರುತಿಸುವುದರಲ್ಲೂ ಅದಕ್ಕೇ ಒಂದು ಕೈ ಮೇಲು. ಆದರೆ ಅದು ಒಂದೇ ಸಲಕ್ಕೆ ಜಾಸ್ತಿ ಮಣ್ಣನ್ನು ನೋಡುತ್ತದೆ. ಜಾಸ್ತಿ ಮಣ್ಣು ಅಂದರೆ ಜಾಸ್ತಿ ಕಪ್ಪು ಪುಡಿ. ಡಿಡಿಯಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಸುರುಳಿ ಬೆನ್ನಿಗೆ ಬೆನ್ನು ಕೊಟ್ಟು ನಡುವೆ ಸ್ವಲ್ಪ ಒಂದರ ಮೇಲೊಂದು ಕೂತಿರುತ್ತವೆ. ಆ ಕೂಡುವ ಪಟ್ಟಿಯ ಕೆಳಗೆ ಮಾತ್ರ ಹುಡುಕಾಟ, ಈಳಿಗೆಮಣೆಯ ಅಲಗನ್ನು ಮಣ್ಣೊಳಗೆ ಇಳಿಬಿಟ್ಟ ಹಾಗೆ, ಉದ್ದಕ್ಕೆ ಆದರೆ ತೆಳ್ಳಗೆ. ಮಣ್ಣಿನ ಗಲಾಟೆ ಕಮ್ಮಿ, ಅಕ್ಕಪಕ್ಕದ ವಸ್ತುಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ಗ್ಯಾರೆಟ್ ಕಂಪನಿಯ ಏಸ್ 250 ಡಿಟೆಕ್ಟರಿನ ಜೊತೆ ಬರುವ ಆರೂವರೆ ಒಂಬತ್ತು ಇಂಚಿನದು ಕಾನ್ಸೆಂಟ್ರಿಕ್, ಏಸ್ 400ರ ಜೊತೆ ಬರುವುದು ಎಂಟೂವರೆ ಹನ್ನೊಂದರ ಡಿಡಿ. ನಮ್ಮ ಕಡೆಯವರು ಆ ಕಂಪನಿಯದ್ದೇ ತಗೊಳ್ಳುವುದಾದರೆ ಎರಡನೆಯದನ್ನು ನೋಡಿ.

ನಿಜವಾದ ಪರೀಕ್ಷೆ ಆಗುವುದು ಜಾತ್ರೆ ಬಯಲಲ್ಲಿ. ಗುಬ್ಬಿ ತಾಲ್ಲೂಕಿನಲ್ಲಿ ನಮ್ಮ ಮಾವನ ಜಮೀನು ಊರಿನ ಗುಡಿಗೆ ಹೊಂದಿಕೊಂಡೇ ಇದೆ, ಪ್ರತಿ ವರ್ಷ ಜಾತ್ರೆಯ ಅಂಗಡಿಗಳು ಹಾಕುವುದು ಅವರ ಬೀಳು ಹೊಲದಲ್ಲೇ. ಮಾವ ಒಪ್ಪಿಗೆ ಕೊಟ್ಟಿದ್ದಾರೆ, ಒಂದೇ ಷರತ್ತು, ಗುಂಡಿ ಮುಚ್ಚಬೇಕು. ಚಿಲ್ಲರೆ ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಕಡ್ಲೆಪುರಿ, ಬತ್ತಾಸು ಅಂಗಡಿ ಇದ್ದ ಸಾಲಿನ ಮುಂದೆ, ಜನ ನಿಂತು ಚಿಲ್ಲರೆ ಎಣಿಸುವ ಜಾಗ. ಕಬ್ಬಿನ ಹಾಲಿನ ಗಾಡಿ ನಿಂತಿದ್ದ ಜಾಗ. ಎಲ್ಲದಕ್ಕಿಂತ ಜಾಸ್ತಿ ತಿರುಗುವ ತೊಟ್ಟಿಲು ಹಾಕಿದ್ದ ಜಾಗ, ಮೇಲೆ ಹೋದವರ ಜೇಬಿನಿಂದ ಉದುರಿದ್ದೆಲ್ಲ ಅಲ್ಲೇ. ಆದರೆ ಕಸವೂ ಅಲ್ಲೇ. ಮಾತ್ರೆಯ ಫಾಯಿಲ್, ಕ್ವಾರ್ಟರ್ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ, ಬಿಯರ್ ಬಾಟಲಿಯ ಮುಚ್ಚಳ, ಹೇರ್‌ಪಿನ್ನು, ಪಿನ್ನು, ಅಂಗಡಿಯವರು ಹೊಡೆದು ಬಿಟ್ಟುಹೋದ ಮೊಳೆ, ದನ ಕಟ್ಟಿದ ಜಾಗದಲ್ಲಿ ಲಾಳದ ಚೂರು.

11 ಇಂಚಿನ ಕಾಯಿಲ್ ಹಾಕಿಕೊಂಡು ತೊಟ್ಟಿಲಿನ ಜಾಗಕ್ಕೆ ಹೋದಾಗ ಸದ್ದು ನಿಲ್ಲುವುದೇ ಇಲ್ಲ. ಒಂದು ಕಡೆ ಹರಿದುಹೋದಂಥ ಸದ್ದು, ಒಂದು ಸಲ ಕಬ್ಬಿಣದ ಗುರ್, ಇನ್ನೊಂದು ಸಲ ಮೇಲಿನ ಕೀಚು, ನಂಬರು ನಿಲ್ಲುತ್ತಿಲ್ಲ. ಸಾಮಾನ್ಯವಾಗಿ ಇಂಥದ್ದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅಲ್ಲೇ ಒಂದು ಕಡ್ಡಿ ನೆಟ್ಟು, ಕಾಯಿಲ್ ಬದಲಾಯಿಸಿ, ಅದೇ ಜಾಗವನ್ನು ಚಿಕ್ಕದರಲ್ಲಿ ನಿಧಾನಕ್ಕೆ ಆಡಿಸಿದೆ. ಎಡಕ್ಕೆ ಗುರ್, ಒಂದು ಗೇಣು ಬಲಕ್ಕೆ ಬಂದರೆ ಗುಂಡಗೆ, ಮುದ್ದಾದ ಸದ್ದು, ಎರಡೂ ಬೇರೆಬೇರೆ. ಅಗೆದರೆ ಎಡಗಡೆ ಬಾಗಿದ ಎರಡಿಂಚಿನ ಮೊಳೆ. ಬಲಗಡೆ ಎರಡು ಬೆರಳು ಆಳದಲ್ಲಿ ಐದು ರೂಪಾಯಿ, ಅಂಚಿನ ಮೇಲೆ ನೆಟ್ಟಗೆ ನಿಂತಿತ್ತು, ಮೈ ಕಂದು ಬಣ್ಣಕ್ಕೆ ತಿರುಗಿತ್ತು, ಸಿಂಹಗಳ ಕೆಳಗಿನ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ದೊಡ್ಡ ಕಾಯಿಲ್‌ಗೆ ಈ ಎರಡೂ ಒಟ್ಟಿಗೇ ಕಾಣುತ್ತವೆ, ಮೊಳೆಯ ಸದ್ದು ನಾಣ್ಯದ ಸದ್ದನ್ನು ನುಂಗುತ್ತದೆ. ಅದು ಆ ಕಾಯಿಲ್‌ನ ದೋಷ ಅಲ್ಲ. ಗಾತ್ರ ಇರುವುದೇ ಹಾಗೆ.

ನಿಂತಿರುವ ನಾಣ್ಯದ ಬಗ್ಗೆ ಒಂದು ಮಾತು. ಮಲಗಿರುವ ನಾಣ್ಯ ಕಾಯಿಲ್‌ಗೆ ಪೂರ್ತಿ ಮುಖ ತೋರಿಸುತ್ತದೆ, ನಿಂತದ್ದು ಬರೀ ಅಂಚು. ರೋಟವೇಟರ್ ಹೊಡೆದ ಹೊಲದಲ್ಲಿ ಹೀಗೆ ನಿಂತವೇ ಜಾಸ್ತಿ. ಅದಕ್ಕೇ ಒಂದೇ ದಿಕ್ಕಿನಲ್ಲಿ ಆಡಿಸಿ ಸುಮ್ನೆ ಹೋಗಬೇಡಿ. ಒಂದು ಸಾಲು ಉದ್ದಕ್ಕೆ ನಡೆದರೆ ಇನ್ನೊಂದು ಸಲ ಅಡ್ಡಕ್ಕೆ ನಡೆಯಿರಿ.

15 ಇಂಚಿನ ಕಾಯಿಲ್ ಬಗ್ಗೆ ಗೆಳೆಯನಿಗೆ ಬೇಜಾರಾದರೂ ಹೇಳಲೇಬೇಕು. ಆಳದಲ್ಲಿರುವ ದೊಡ್ಡ ವಸ್ತುವಿಗೆ, ಖಾಲಿ ಬಯಲಿಗೆ ಅದು ಚೆನ್ನ. ನಮಗೆ ಆಳ ಯಾಕೆ ಬೇಕು? ಈಗಿನ ನಾಣ್ಯ ಬಿದ್ದು ಎಷ್ಟು ವರ್ಷ ಆಗಿರಬಹುದು, ಹತ್ತೋ ಇಪ್ಪತ್ತೋ. ನಾಲ್ಕು ಬೆರಳು ಮಣ್ಣಿನೊಳಗೇ ಇರುತ್ತದೆ, ಬಹಳ ಆದರೆ ಒಂದು ಗೇಣು. ಅಷ್ಟನ್ನು ಐದು ಇಂಚು ಅಗಲದ ಕಾಯಿಲ್ ಆರಾಮಾಗಿ ನೋಡುತ್ತದೆ. ಮೇಲಾಗಿ ದೊಡ್ಡ ಕಾಯಿಲ್ ಒಂದು ದೊಡ್ಡ ಆಂಟೆನಾ ಕೂಡ. ಕರೆಂಟಿನ ಗಲಾಟೆ ಅದಕ್ಕೆ ಜಾಸ್ತಿ ಹಿಡಿಯುತ್ತದೆ. ನಮ್ಮ ತೋಟಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಸಿಂಗಲ್ ಫೇಸ್ ಇರುವಷ್ಟು ಹೊತ್ತು ಮಿಷನ್ ಸುಮ್ಮನಿರುತ್ತದೆ. ತ್ರೀ ಫೇಸ್ ಬಂತು ಅಂದರೆ ಒಂದೊಂದೇ ಆಟೋ ಸ್ಟಾರ್ಟರ್ ಟಪ್ ಅನ್ನುತ್ತದೆ, ಸುತ್ತಲಿನ ಬೋರ್‌ವೆಲ್ ಮೋಟರುಗಳು ಎದ್ದುಕೊಳ್ಳುತ್ತವೆ, ಗೆಳೆಯನ ಹೆಡ್‌ಫೋನಿನಲ್ಲಿ ಹಸುಗೂಸು ಅಳುವ ಸದ್ದು. ಅವನು ಸೆನ್ಸಿಟಿವಿಟಿ, ಅಂದರೆ ಮಿಷನ್‌ನ ಸೂಕ್ಷ್ಮತೆ, ಇಳಿಸುತ್ತಾನೆ, ಇಳಿಸುತ್ತಾನೆ, ಕೊನೆಗೆ ಆ ದೊಡ್ಡ ಕಾಯಿಲ್‌ನ ಆಳವೆಲ್ಲ ಅಲ್ಲಿಗೇ ಹೋಯಿತು. ನನ್ನ ಚಿಕ್ಕದರಲ್ಲೂ ಸ್ವಲ್ಪ ಚಟಪಟ ಬಂತು, ಫ್ರೀಕ್ವೆನ್ಸಿ ಶಿಫ್ಟ್ ಮಾಡಿ (ಮಿಷನ್‌ನ ತರಂಗವನ್ನು ಸ್ವಲ್ಪ ಆಚೀಚೆ ಸರಿಸಿ), ಸೆನ್ಸಿಟಿವಿಟಿ ಒಂದು ಮೆಟ್ಟಿಲು ಇಳಿಸಿದರೆ ಸಾಕಾಯಿತು. ಟ್ರಾನ್ಸ್‌ಫಾರ್ಮರ್ ಕೆಳಗೆ ಮಾತ್ರ ಯಾವ ಕಾಯಿಲ್ಲೂ ಬೇಡ, ಅಲ್ಲಿಂದ ದೂರ ಹೋಗಿ. ತೋಳು ನೋವಿನ ಲೆಕ್ಕವೂ ಇದೆ, ದೊಡ್ಡ ಕಾಯಿಲ್‌ನ ಭಾರವೆಲ್ಲ ಕೋಲಿನ ತುದಿಯಲ್ಲಿ, ಮಧ್ಯಾಹ್ನದ ಹೊತ್ತಿಗೆ ಭುಜ ಹಿಡಿದುಕೊಳ್ಳುತ್ತದೆ.

ಚಿಕ್ಕ ಕಾಯಿಲ್‌ನಲ್ಲಿ ಇಷ್ಟ ಆಗದ್ದೂ ಇದೆ. ಒಂದು, ನೆಲ ಮುಗಿಯುವುದಿಲ್ಲ. ಅದೇ ಹೊಲವನ್ನು ಹೆಚ್ಚುಕಮ್ಮಿ ಎರಡು ಪಟ್ಟು ಹೊತ್ತು ನಡೆಯಬೇಕು, ಪ್ರತಿ ಸಲ ಹಿಂದಿನ ಗುರುತಿನ ಮೇಲೆ ಅರ್ಧ ಬರುವ ಹಾಗೆ ಆಡಿಸಬೇಕು, ಇಲ್ಲದಿದ್ದರೆ ಮಧ್ಯೆ ಪಟ್ಟಿ ಪಟ್ಟಿ ಬಿಟ್ಟುಹೋಗುತ್ತದೆ. ಎರಡು, ಡಿಡಿಯಲ್ಲಿ ನಾಣ್ಯ ಸರಿಯಾಗಿ ಎಲ್ಲಿದೆ ಅಂತ ಹೇಳುವುದು ಕಾನ್ಸೆಂಟ್ರಿಕ್‌ನಷ್ಟು ಸುಲಭ ಅಲ್ಲ. ಅದಕ್ಕೆ ಒಂದು ಉಪಾಯ: ಸದ್ದು ಬಂದ ಜಾಗದಲ್ಲಿ ಕಾಯಿಲ್ ಎಡಬಲ ಸಣ್ಣಗೆ ಆಡಿಸುತ್ತಾ ನಿಧಾನಕ್ಕೆ ನಿಮ್ಮ ಕಡೆ ಎಳೆದುಕೊಳ್ಳಿ. ಸದ್ದು ಎಲ್ಲಿ ನಿಂತಿತೋ ಅಲ್ಲಿ ಕಾಯಿಲ್‌ನ ಮೂತಿಯ ಮುಂದೆಯೇ ನಾಣ್ಯ. ಮೊಟ್ಟೆಯಾಕಾರದ ಕಾಯಿಲ್‌ಗೆ ಮೂತಿ ಕಿರಿದಾಗಿರುವುದರಿಂದ ಇದು ದುಂಡು ಕಾಯಿಲ್‌ಗಿಂತ ಚೆನ್ನಾಗಿ ನಡೆಯುತ್ತದೆ. ಕೂಳೆ ಇರುವ ರಾಗಿ ಹೊಲದಲ್ಲಿ, ತೆಂಗಿನ ಪಾತಿಯ ಅಂಚಿನಲ್ಲಿ ಆ ಮೂತಿಯನ್ನು ತೂರಿಸಬಹುದು, ದುಂಡು ಕಾಯಿಲ್ ಅಲ್ಲಿ ಕೂರುವುದೇ ಇಲ್ಲ.

ಇದಕ್ಕಿಂತ ಚಿಕ್ಕ 6 ಇಂಚಿನ ದುಂಡು ಕಾಯಿಲ್‌ಗಳೂ ಬರುತ್ತವೆ, ಮೈನ್‌ಲ್ಯಾಬ್ ಕಂಪನಿಯ ಇಕ್ವಿನಾಕ್ಸ್ ಡಿಟೆಕ್ಟರ್‌ಗೆ ಅಂಥದ್ದು ಇದೆ. ಮನೆ ಅಂಗಳ, ಹಳೇ ಕಟ್ಟೆಯ ಸುತ್ತ, ಮೊಳೆ ಚೆಲ್ಲಿದಂತಿರುವ ಜಾಗಕ್ಕೆ ಸರಿ. ಇಡೀ ಜಾತ್ರೆ ಬಯಲಿಗೆ ಅದನ್ನು ತಗೊಂಡರೆ ಮುಂದಿನ ಜಾತ್ರೆ ಬಂದರೂ ನೀವು ಅದೇ ಮೂಲೆಯಲ್ಲಿರುತ್ತೀರಿ.

ಬಿಯರ್ ಬಾಟಲಿ ಮುಚ್ಚಳದ ವಿಷಯ ಕೇಳುವವರು ಬಹಳ. ಅದೂ ಕಬ್ಬಿಣದ ಚಪ್ಪಟೆ ಬಿಲ್ಲೆ, ನಮ್ಮ ರೂಪಾಯಿಯೂ ಕಬ್ಬಿಣದ ಚಪ್ಪಟೆ ಬಿಲ್ಲೆ. ಹಾಗಾಗಿ ಎರಡೂ ಒಂದೇ ತರಹ ಸುಳ್ಳು ಹೇಳುತ್ತವೆ, ಒಂದು ಸಲ ಕಬ್ಬಿಣ, ಒಂದು ಸಲ ಒಳ್ಳೆಯ ಲೋಹ. ಮುಚ್ಚಳದ ಸದ್ದು ಸ್ವಲ್ಪ ಅಗಲ, ರೂಪಾಯಿಯದ್ದು ಸ್ವಲ್ಪ ಕಿರಿದು. ಚಿಕ್ಕ ಕಾಯಿಲ್‌ನಲ್ಲಿ ಈ ಅಗಲದ ವ್ಯತ್ಯಾಸ ಕಿವಿಗೆ ಬೀಳುತ್ತದೆ, ದೊಡ್ಡದರಲ್ಲಿ ಬೀಳುವುದಿಲ್ಲ. ಆದರೂ ಅಗೆಯದೆ ಗತಿಯಿಲ್ಲ. ರೂಪಾಯಿ ಬೇಕು, ಮುಚ್ಚಳ ಬೇಡ ಅನ್ನುವವರಿಗೆ ಯಾವ ಕಂಪನಿಯವರೂ ಕಾಯಿಲ್ ಮಾಡಿಲ್ಲ. ಐದು ರೂಪಾಯಿಗೆ ಮೇಲ್ಪಟ್ಟು ಸಾಕು ಅನ್ನುವವರು ಕಬ್ಬಿಣ ಮ್ಯೂಟ್ ಮಾಡಿ ಓಡಾಡಬಹುದು, ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ.

ನಾನು ಮನೆ ಹಿಂದೆ ಒಂದು ಪರೀಕ್ಷೆ ಜಾಗ ಮಾಡಿಕೊಂಡಿದ್ದೇನೆ, ನೀವೂ ಮಾಡಿ. ಒಂದು, ಎರಡು, ಐದು, ಹತ್ತು ರೂಪಾಯಿ ಒಂದೊಂದು, ಎರಡೆರಡು ಹೆಜ್ಜೆ ದೂರದಲ್ಲಿ, ನಾಲ್ಕು ಬೆರಳು ಆಳಕ್ಕೆ ಹೂತು, ಒಂದರ ಪಕ್ಕ ಮೊಳೆ, ಇನ್ನೊಂದರ ಪಕ್ಕ ಮುಚ್ಚಳ. ಮಳೆ ಬಿದ್ದ ಮೇಲೆ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಕಾಯಿಲ್ ಆಡಿಸಿ ಕೇಳಿ. ಕೈಯಲ್ಲಿ ಹಿಡಿದು ಗಾಳಿಯಲ್ಲಿ ತೋರಿಸುವ ಪರೀಕ್ಷೆಗೂ ಮಣ್ಣೊಳಗಿನ ಪರೀಕ್ಷೆಗೂ ಅಜಗಜಾಂತರ. ಅಂಗಡಿಯವರು ವಿಡಿಯೋದಲ್ಲಿ ತೋರಿಸುವುದು ಗಾಳಿಯದ್ದು.

ಕಾಯಿಲ್ ಹಾಕುವಾಗ ವೈರನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಬುಡದಲ್ಲಿ ಮಾತ್ರ ಕಾಯಿಲ್ ಬಾಗುವಷ್ಟು ಸಡಿಲ ಬಿಡಿ. ವೈರು ಅಲ್ಲಾಡಿದರೆ ಸುಳ್ಳು ಸದ್ದು ಬರುತ್ತದೆ. ಕಾಯಿಲ್ ಕೆಳಗೆ ಹಾಕುವ ಪ್ಲಾಸ್ಟಿಕ್ ಕವರ್ ತಗೊಳ್ಳಿ, ಆದರೆ ಆಗಾಗ ಬಿಚ್ಚಿ ತೊಳೆಯಿರಿ. ಆ ಕಪ್ಪು ಪುಡಿ ಕವರಿನ ಸಂದಿಯಲ್ಲಿ ಸೇರಿಕೊಂಡರೆ ಕಾಯಿಲ್ ಹೋದಲ್ಲೆಲ್ಲ ಅದೂ ಹೋಗುತ್ತದೆ, ಮಿಷನ್ ತನ್ನಷ್ಟಕ್ಕೆ ಬಡಬಡಿಸುತ್ತದೆ. ಬಹಳ ಜನ ಮಿಷನ್ ಕೆಟ್ಟಿದೆ ಅಂತ ರಿಪೇರಿಗೆ ಕಳಿಸುವುದು ಈ ಮಣ್ಣಿನ ಕಾರಣಕ್ಕೇ. ಗುಂಡಿಯೊಳಗೆ ನಾಣ್ಯ ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್, ಪಿನ್‌ಪಾಯಿಂಟರ್ ಇಲ್ಲದಿದ್ದರೆ ಎರಡನೇ ಕಾಯಿಲ್‌ಗೂ ಮೊದಲು ಅದನ್ನು ತಗೊಳ್ಳಿ. ಕೆಂಪು ಮಣ್ಣಿನ ಹೆಂಟೆಯೊಳಗೆ ಕೆಂಪಾದ ನಾಣ್ಯ ಕಣ್ಣಿಗೆ ಕಾಣುವುದಿಲ್ಲ.

ಈಗ ಸ್ವಲ್ಪ ಬೇರೆ ವಿಷಯ. ಹೊಲದಲ್ಲಿ ಮಿಷನ್ ಹಿಡಿದು ನಿಂತರೆ ಯಾರಾದರೂ ಬಂದೇ ಬರುತ್ತಾರೆ.

‘ಏನಪ್ಪಾ, ನಿಧಿ ಹುಡುಕ್ತಾ ಇದೀಯ?’

‘ಇಲ್ಲ ತಾತ, ಚಿಲ್ಲರೆ.’

‘ಚಿಲ್ಲರೆಗೆ ಇಷ್ಟು ದೊಡ್ಡ ಮಿಷನ್ನಾ? ಯಾರಿಗೆ ಹೇಳ್ತೀಯ ಬಿಡು.’

ತಮಾಷೆ ಅನ್ನಿಸಬಹುದು, ಆದರೆ ನಮ್ಮ ಕಡೆ ನಿಧಿ ಆಸೆಗೆ ಗುಡಿ, ವೀರಗಲ್ಲು ಅಗೆದು ಹಾಳು ಮಾಡುವವರು ಇದ್ದಾರೆ, ಜನ ಅನುಮಾನ ಪಡುವುದು ನ್ಯಾಯವೇ. ಮಧುಗಿರಿ ಕೋಟೆ, ಶಿರಾ ಕೋಟೆ, ಹಳೇ ಗುಡಿಗಳ ಹತ್ತಿರ ಮಿಷನ್ ತಗೊಂಡು ಹೋಗಲೇಬೇಡಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧ. ನೂರು ವರ್ಷ ದಾಟಿದ ನಾಣ್ಯ ಸಿಕ್ಕರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಲೆಕ್ಕದಲ್ಲಿ ಅದು ಪುರಾತನ ವಸ್ತು. ಹೂತಿಟ್ಟ ಹಣ, ಒಡವೆ ಅನ್ನಿಸುವಂಥದ್ದು ಏನಾದರೂ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಸರ್ಕಾರಕ್ಕೆ ತಿಳಿಸಬೇಕು. ಜಮೀನಿನವರ ಒಪ್ಪಿಗೆ ಬಾಯಲ್ಲಿ ಇದ್ದರೆ ಸಾಲದು, ಫೋನಿನಲ್ಲಿ ಒಂದು ಮೆಸೇಜ್ ಹಾಕಿಸಿಕೊಳ್ಳಿ. ನಾನು ಜೇಬಿನಲ್ಲಿ ಆವತ್ತು ಸಿಕ್ಕ ಮುಚ್ಚಳ, ಮೊಳೆ ಇಟ್ಟುಕೊಂಡಿರುತ್ತೇನೆ, ಬಂದವರಿಗೆ ತೋರಿಸಿದರೆ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ, ಉಳಿದರ್ಧಕ್ಕೆ ‘ಪಾಪ, ಓದಿಕೊಂಡಿರೋ ಹುಡುಗ’ ಅನ್ನುವ ಮುಖ ಮಾಡುತ್ತಾರೆ.

ಇನ್ನು ಕೆಲವು ಜಾಗಕ್ಕೆ ಕಾನೂನಿಗಿಂತ ಮನೆಯವರೇ ಬಿಡುವುದಿಲ್ಲ. ಹೆಣ ತಗೊಂಡು ಹೋಗುವಾಗ ಪುರಿಯ ಜೊತೆ ಚಿಲ್ಲರೆ ಎಸೆಯುತ್ತಾರಲ್ಲ, ಆ ದಾರಿಯಲ್ಲಿ ಮಿಷನ್ ಚೆನ್ನಾಗಿ ಕೂಗುತ್ತದೆ. ಒಂದು ಸಲ ಆನ್ ಆಗಿತ್ತು, ಕೇಳಿಸಿಕೊಂಡು ಆಫ್ ಮಾಡಿದೆ. ಅಮ್ಮನಿಗೆ ಗೊತ್ತಾದರೆ ಮಿಷನ್ ಜೊತೆ ನಾನೂ ಹೊರಗೇ. ತೇರಿನ ದಾರಿಯಲ್ಲಿ ಬಾಳೆಹಣ್ಣು, ದವನದ ಜೊತೆ ಎಸೆದ ಚಿಲ್ಲರೆ ಸಿಕ್ಕರೆ ಅದು ಹುಂಡಿಗೆ.

ದುಡ್ಡಿನ ಲೆಕ್ಕ ಕೇಳಬೇಡಿ. ಸಿಕ್ಕ ಚಿಲ್ಲರೆಯಿಂದ ಕಾಯಿಲ್‌ನ ಬೆಲೆ ಹುಟ್ಟುವುದಿಲ್ಲ, ಪೆಟ್ರೋಲ್ ಖರ್ಚು ಹುಟ್ಟಿದರೆ ದೊಡ್ಡದು. ಹೊರದೇಶದಿಂದ ತರಿಸಿದರೆ ಕಾಯಿಲ್ ಬೆಲೆಯ ಮೇಲೆ ಕಸ್ಟಮ್ಸ್, ಕೊರಿಯರ್ ಬೇರೆ ಬೀಳುತ್ತದೆ, ಆರ್ಡರ್ ಮಾಡುವ ಮೊದಲೇ ಕೂಡಿಸಿ ನೋಡಿ. ಆ ದುಡ್ಡು ಇಲ್ಲದಿದ್ದರೆ ಬೇಡವೇ ಬೇಡ, ಇರುವ 11 ಇಂಚಿನಲ್ಲೇ ಸೆನ್ಸಿಟಿವಿಟಿ ಇಳಿಸಿ, ನಿಧಾನಕ್ಕೆ, ಚಿಕ್ಕ ಚಿಕ್ಕದಾಗಿ ಆಡಿಸಿ. ಉತ್ತು ಬಿಟ್ಟ ಹೊಲ, ಬತ್ತಿದ ಕೆರೆಯಂಗಳ, ಕಸ ಇಲ್ಲದ ಆಟದ ಬಯಲಿಗೆ ನಾನು ಈಗಲೂ ಅದನ್ನೇ ಹಾಕುತ್ತೇನೆ, ನೆಲ ಬೇಗ ಮುಗಿಯುತ್ತದೆ. ಎರಡರ ನಡುವಿನದು ಬೇಕು ಅನ್ನುವವರಿಗೆ ಎಂಟೂವರೆ ಇಂಚಿನ ದುಂಡು ಡಿಡಿ ಇದೆ, ಒಂದೇ ಕಾಯಿಲ್‌ನಲ್ಲಿ ಎಲ್ಲ ಮಾಡಬೇಕು ಅನ್ನುವವರಿಗೆ ಪರವಾಗಿಲ್ಲ. ಕೂಳೆ ಹೊಲಕ್ಕೆ ಮಾತ್ರ ಮೊಟ್ಟೆಯಾಕಾರದ್ದೇ ಮೇಲು.

ತರಿಸುವ ಮೊದಲು ನಿಮ್ಮ ಮಿಷನ್‌ನ ಪೂರ್ತಿ ಮಾಡೆಲ್ ಹೆಸರು ಬರೆದಿಟ್ಟುಕೊಂಡು ಕೇಳಿ. ಒಂದು ಕಂಪನಿಯ ಕಾಯಿಲ್ ಇನ್ನೊಂದಕ್ಕೆ ಕೂರುವುದಿಲ್ಲ, ಎಷ್ಟೋ ಸಲ ಅದೇ ಕಂಪನಿಯ ಇನ್ನೊಂದು ಮಾಡೆಲ್‌ಗೂ ಕೂರುವುದಿಲ್ಲ. ಗ್ಯಾರೆಟ್‌ನ ಏಸ್ ಕಾಯಿಲ್ ಎಟಿ ಪ್ರೋಗೆ ಹಾಕಲು ಬರುವುದಿಲ್ಲ, ಕನೆಕ್ಟರೇ ಬೇರೆ. ಸೆಕೆಂಡ್ ಹ್ಯಾಂಡ್ ಆದರೆ ಮಿಷನ್‌ಗೆ ಹಾಕಿ ಆನ್ ಮಾಡಿ, ಕನೆಕ್ಟರ್ ಹತ್ತಿರ ಮತ್ತು ಕಾಯಿಲ್ ಸೇರುವ ಕಡೆ ವೈರನ್ನು ಸ್ವಲ್ಪ ಅಲ್ಲಾಡಿಸಿ, ಕಾಯಿಲ್‌ನ ಅಂಚಿಗೆ ಬೆರಳಲ್ಲಿ ತಟ್ಟಿ. ಸದ್ದು ಬಂದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ ಅಂತ ವಾಪಸ್ ಬನ್ನಿ.